ವಸತಿ ಬಸ್ಸಿನಲ್ಲಿ ಬಾಯಿಪಾಠ

ಕುರ್ಚಿಯ ಆಸೆ ಯಾರಿಗಿಲ್ಲ ಹೇಳಿ. ಆದರೆ ದಾಂಡೇಲಿ–ಕುಂಬಾರವಾಡ ವಸತಿ ಬಸ್ಸಿನ ಕಂಡಕ್ಟರ್ ಜ್ಯೋತಿಬಾನ ಆಸೆ ತೀರ ಸಾದಾ. ಅವನಿಗೆ ಕುರ್ಚಿ ಬೇಕಾಗಿದ್ದದ್ದು ಕೂಡಲಿಕ್ಕೆ.

ಮೀಸೆ ಕಪ್ಪಗಿದ್ದಾಗ ಬಸ್ಸು ಹತ್ತಿದವನು ನಿಂತ ನಿಲುವಿನಲ್ಲೇ ಮೀಸೆ ಬೆಳ್ಳಗೆ ಮಾಡಿಕೊಂಡಿದ್ದ. ಗಣೇಶಗುಡಿಯ ತಿರುವುಗಳಲ್ಲಿ ಬಸ್ಸು ಎಡಕ್ಕೆ ವಾಲಿದರೆ ಒಂದು ಮೊಣಕಾಲು, ಬಲಕ್ಕೆ ವಾಲಿದರೆ ಇನ್ನೊಂದು ಮೊಣಕಾಲು ಭಾರ ಹೊತ್ತೂ ಹೊತ್ತೂ ಈಗ ಎರಡೂ ಸೇರಿ ಟಿಕೆಟ್ ಮಶೀನಿಗಿಂತ ಜೋರಾಗಿ ಕಟಕಟ ಎನ್ನುತ್ತಿದ್ದವು. ದಾಂಡೇಲಿ ಬಸ್ ನಿಲ್ದಾಣದ ಕಂಟ್ರೋಲರ್ ಕೋಣೆಯಲ್ಲಿ ಒಂದು ಕುರ್ಚಿ ಇತ್ತು. ಅದರಲ್ಲಿ ಕೂತವನು ಬಸ್ಸು ಬಂದ ಹೊತ್ತು, ಬಿಟ್ಟ ಹೊತ್ತು ಬರೆದುಕೊಂಡು, ಕಿಟಕಿಗೆ ಬಂದವರಿಗೆ ಉತ್ತರ ಹೇಳಿಕೊಂಡು ದಿನ ಕಳೆಯಬಹುದಿತ್ತು. ಆ ಕುರ್ಚಿ ಯಾವ ತಿರುವಿನಲ್ಲೂ ವಾಲುತ್ತಿರಲಿಲ್ಲ. ಜ್ಯೋತಿಬಾನ ಕಣ್ಣಿಗೆ ಅದಕ್ಕಿಂತ ದೊಡ್ಡ ಸಿಂಹಾಸನ ಇರಲಿಲ್ಲ.

ಅಲ್ಲಿಗೆ ಏರಬೇಕಾದರೆ ಇಲಾಖೆಯ ಪರೀಕ್ಷೆ ಪಾಸಾಗಬೇಕು. ಎರಡು ಸಲ ಕೂತು ಎರಡು ಸಲವೂ ಡುಮ್ಕಿ ಹೊಡೆದಿದ್ದ. ಮೂರನೆಯದೇ ಕೊನೆಯದು. ಅದೂ ತಪ್ಪಿದರೆ ವಯಸ್ಸು ಮೀರುತ್ತಿತ್ತು. ಮುಂದೆ ನಿವೃತ್ತಿಯ ತನಕ ಗಣೇಶಗುಡಿಯ ತಿರುವುಗಳೇ ಗತಿ.

ಈ ಡುಮ್ಕಿಯ ಸಂಗತಿ ಜ್ಯೋತಿಬಾನಿಗೇ ಅರ್ಥವಾಗದ ಒಗಟಾಗಿತ್ತು. ಯಾಕೆಂದರೆ ತನ್ನ ನೆನಪಿನ ಶಕ್ತಿಯ ಬಗ್ಗೆ ಅವನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಯಾರು ಎಲ್ಲಿ ಹತ್ತುತ್ತಾರೆ, ಎಲ್ಲಿ ಇಳಿಯುತ್ತಾರೆ, ಯಾರ ಸೊಸೆ ಯಾರ ಮೇಲೆ ಮುನಿಸಿಕೊಂಡು ಯಾವ ಬಸ್ಸಿಗೆ ತವರಿಗೆ ಹೋದಳು, ಎಲ್ಲವೂ ಅವನ ನಾಲಿಗೆಯ ತುದಿಯಲ್ಲಿ.

"ನನ್ನ ತಲಿ ಅಂದ್ರ ಡಿಪೋ ಇದ್ದಂಗ," ಎನ್ನುತ್ತಿದ್ದ. "ಒಮ್ಮೆ ಒಳಗ ಹೋದ ಗಾಡಿ ಕಳಿಯಂಗಿಲ್ಲ."

"ಕಳಿಯಂಗಿಲ್ಲ ಖರೆ. ಹೊರಗ ಬರಂಗಿಲ್ಲ, ಅಷ್ಟ," ಎನ್ನುತ್ತಿದ್ದ ಡ್ರೈವರ್ ಚನಬಸಪ್ಪ, ರಸ್ತೆಯಿಂದ ಕಣ್ಣು ತೆಗೆಯದೆ.

ಚನಬಸಪ್ಪ ಧಾರವಾಡದ ಕಡೆಯವನು. ವರ್ಷಗಟ್ಟಲೆ ಒಂದೇ ಬಸ್ಸಿನಲ್ಲಿ ಮುಂದೊಬ್ಬ ಹಿಂದೊಬ್ಬ ಇದ್ದು, ಸಂಜೆ ಕುಂಬಾರವಾಡಕ್ಕೆ ಹೋಗಿ ಬಸ್ಸಿನಲ್ಲೇ ವಸತಿ ಮಾಡಿ, ಬೆಳಿಗ್ಗೆ ಅದೇ ಜನರನ್ನು ಹೇರಿಕೊಂಡು ದಾಂಡೇಲಿಗೆ ಬರುವುದು ಇಬ್ಬರಿಗೂ ಸಂಸಾರದ ಹಾಗೆ ಆಗಿಹೋಗಿತ್ತು. ಸಂಸಾರದಲ್ಲಿ ಇರುವಂತೆ ಒಬ್ಬರ ದೊಡ್ಡಸ್ತಿಕೆಯ ಗಾಳಿಯನ್ನು ಇನ್ನೊಬ್ಬರು ಇಳಿಸುವುದೂ ನಡೆಯುತ್ತಿತ್ತು.

ಮೂರನೆಯ ಸಲಕ್ಕೆ ಜ್ಯೋತಿಬಾ ಭರ್ಜರಿ ತಯಾರಿ ಮಾಡಿದ. ನಿಯಮಾವಳಿಯ ಪುಸ್ತಕ ತಂದು, ಮುಖ್ಯವಾದ ಸಾಲುಗಳಿಗೆ ಹಳದಿ ಪೆನ್ನು ಎಳೆಯತೊಡಗಿದ. ಓದುತ್ತ ಹೋದಂತೆ ಎಲ್ಲವೂ ಮುಖ್ಯವೆನಿಸಿತು. ಕೊನೆಗೆ ಹಳದಿಯಾಗದೆ ಉಳಿದದ್ದು ಮುದ್ರಕರ ವಿಳಾಸ ಮಾತ್ರ. ರಜೆಯ ದಿನ ಹಳಿಯಾಳದ ಮನೆಯಲ್ಲಿ ಚಹಾ ಕುಡಿಯುತ್ತ ಅದನ್ನೇ ಗಟ್ಟಿಯಾಗಿ ಓದುತ್ತಿದ್ದರೆ ಹೆಂಡತಿ ಶಾಂತಾ ಬಾಗಿಲಲ್ಲಿ ನಿಂತು ನೋಡಿದಳು.

"ಪುಸ್ತಕಕ್ಕ ಪೂರಾ ಅರಿಶಿನ ಹಚ್ಚೀರಿ. ಇನ್ನ ಅಕ್ಕಿಕಾಳು ಒಗದ್ರ ಮದವಿ ಮುಗೀತು."

"ನಿನಗ ತಿಳಿಯಂಗಿಲ್ಲ ಬಿಡ. ಇದು ಅಭ್ಯಾಸದ ಪದ್ಧತಿ."

"ಹಿಂದಿನ ಸಲಾನೂ ಇದ ಪದ್ಧತಿ ಇತ್ತಲ್ರಿ?"

"ಹಿಂದಿನ ಸಲ ಪೆನ್ನು ಹಸಿರಿತ್ತು," ಎಂದ ಜ್ಯೋತಿಬಾ.

ಹೀಗೆ ಹಳದಿ ಪುಸ್ತಕ ಬಗಲಲ್ಲಿಟ್ಟುಕೊಂಡು ತಿರುಗುತ್ತಿದ್ದವನನ್ನು ಒಂದು ಬೆಳಿಗ್ಗೆ ಜೋಯಿಡಾ ನಿಲ್ದಾಣದಲ್ಲಿ ಸಿರಾಜುನ್ನಿಸಾ ಟೀಚರ್ ಹಿಡಿದರು. ಅವರು ಜೋಯಿಡಾದಿಂದ ದಿನಾ ದಾಂಡೇಲಿಗೆ ಹೋಗಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು. ಚನಬಸಪ್ಪ ಚಹಾಕ್ಕೆ ಇಳಿದಿದ್ದ. ಬಸ್ಸು ತುಂಬಿತ್ತು. ಜ್ಯೋತಿಬಾ ಬಾಗಿಲಿಗೆ ಒರಗಿ, ತುಟಿ ಅಲ್ಲಾಡಿಸುತ್ತ, ಜನ ನೋಡಲಿ ಎಂಬಂತೆ ಪುಟ ತಿರುವುತ್ತಿದ್ದ.

"ಕಂಡಕ್ಟರ್ ಸಾಹೇಬ್ರ, ಎಷ್ಟನೇ ಸಲ ಓದಾಕತ್ತೀರಿ?"

"ಲೆಕ್ಕ ಇಟ್ಟಿಲ್ರಿ ಟೀಚರ್. ಕಣ್ಣ ಮುಚ್ಚಿದ್ರ ಪುಟ ಪುಟಾನ ಕಾಣ್ತಾವ."

"ಹೌದಾ? ಕೊಡ್ರಿ ಇಲ್ಲಿ." ಟೀಚರ್ ಪುಸ್ತಕ ತೆಗೆದುಕೊಂಡು ಮುಚ್ಚಿ ತಮ್ಮ ವ್ಯಾನಿಟಿ ಬ್ಯಾಗಿನ ಕೆಳಗಿಟ್ಟರು. "ಬಸ್ಸಿನ್ಯಾಗ ಯಾರರ ಸಾಮಾನು ಮರತು ಇಳದು ಹೋದ್ರ ಏನ್ ಮಾಡಬೇಕು? ನಿಯಮ ಹೇಳ್ರಿ."

ಜ್ಯೋತಿಬಾ ಕಣ್ಣು ಮುಚ್ಚಿದ. ಪುಟ ಕಂಡಿತು. ಹಳದಿ ಬಣ್ಣ ಕಂಡಿತು. ಮೂಲೆಯಲ್ಲಿ ಬಿದ್ದಿದ್ದ ಪಲ್ಲೆಯ ಎಣ್ಣೆ ಕಲೆಯೂ ಕಂಡಿತು. ಅಕ್ಷರ ಮಾತ್ರ ಒಂದೂ ಕಾಣಲಿಲ್ಲ.

"ಅದು... ಎಡಗಡೆ ಪುಟದಾಗ ಐತ್ರಿ. ಕೆಳಗ."

"ಎಡಗಡೆ ಕೆಳಗ ಐತಿ ಅಂತ ಬರದ್ರ ಮಾರ್ಕು ಕೊಡ್ತಾರೇನ್ರಿ?"

ಬಸ್ಸೆಲ್ಲ ನಕ್ಕಿತು. ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕವರು ಮುಂದಿನ ಸೀಟಿನ ಮಹಾಬಳೇಶ್ವರರು. ಅಂಚೆ ಮಾಸ್ತರರಾಗಿ ನಿವೃತ್ತರಾದ ಮೇಲೆ ದಿನಾ ದಾಂಡೇಲಿಗೆ ಹೋಗಿ ಪೇಪರ್ ಓದಿ ಬರುವುದನ್ನೇ ನೌಕರಿಯಂತೆ ಮಾಡುತ್ತಿದ್ದವರು ಅವರು. ಬಸ್ಸು ಸ್ವಲ್ಪ ತಡವಾದರೂ "ದೂರು ಪುಸ್ತಕ ತಗೋ" ಎನ್ನುವ ಹಕ್ಕನ್ನು ಅವರು ಎಂದೂ ಬಿಟ್ಟುಕೊಟ್ಟಿರಲಿಲ್ಲ.

ಜ್ಯೋತಿಬಾನ ಮುಖ ಕಪ್ಪಿಟ್ಟದ್ದು ನೋಡಿ ಟೀಚರ್ ದನಿ ಇಳಿಸಿದರು. "ಬೇಜಾರ ಮಾಡ್ಕೋಬ್ಯಾಡ್ರಿ. ನಮ್ಮ ಹುಡುಗ್ರೂ ಹಿಂಗ ಮಾಡ್ತಾರ. ಓದಿದ್ದ ಓದಿದ್ರ ಪರಿಚಯ ಆಗ್ತೈತಿ, ಅಷ್ಟ. ದಾರ್ಯಾಗ ಮುಖ ನೋಡಿ ನಗ್ತೀವಿ, ಹೆಸರ ಕೇಳಿದ್ರ ಬರಂಗಿಲ್ಲ, ನೋಡ್ರಿ, ಹಂಗ. ಈ ಬಸ್ಸಿನ್ಯಾಗ ಯಾರು ಎಲ್ಲಿ ಇಳೀತಾರಂತ ನಿಮಗ ಹೆಂಗ ಗೊತ್ತು? ಪುಸ್ತಕ ಓದಿದ್ರೇನು?"

"ಇಲ್ರಿ. ದಿನಾ ಕೇಳ್ತೇನಲ್ಲ, ಎಲ್ಲಿಗೆ, ಎಲ್ಲಿಗೆ ಅಂತ."

"ಹಂಗ ನಿಮ್ಮನ್ನೂ ದಿನಾ ಯಾರರ ಕೇಳಬೇಕು. ಪುಸ್ತಕ ಮುಚ್ಚಿ."

ದಾಂಡೇಲಿಯ ತನಕ ಜ್ಯೋತಿಬಾ ಯಾರಿಗೂ "ಮುಂದ ಸರೀರಿ" ಎನ್ನಲಿಲ್ಲ. ಅಷ್ಟು ಸಿಟ್ಟು ಬಂದಿತ್ತು. ಆದರೆ ಸಿಟ್ಟು ಅವನಲ್ಲಿ ಬಹಳ ಹೊತ್ತು ನಿಲ್ಲುವ ಪ್ರಯಾಣಿಕನಲ್ಲ. ಎರಡು ದಿನ ಕಳೆಯುವಷ್ಟರಲ್ಲಿ ಟೀಚರ್ ಹೇಳಿದ್ದು ಅವನದೇ ವಿಚಾರವಾಗಿ ತಿರುಗಿ ಬಂತು, ಅದೂ ಸ್ವಲ್ಪ ದೊಡ್ಡದಾಗಿ. ಬೆಳಿಗ್ಗೆ ಕುಂಬಾರವಾಡದಿಂದ ಬಸ್ಸು ಹೊರಡುವ ಮೊದಲು ಬಾಗಿಲ ಮೆಟ್ಟಿಲ ಮೇಲೆ ನಿಂತು ಘೋಷಿಸಿದ:

"ನಾ ಒಂದು ಪದ್ಧತಿ ಕಂಡ ಹಿಡದೇನಿ. ಇವತ್ತಿಂದ ಒಬ್ಬೊಬ್ಬ ಪ್ಯಾಸೆಂಜರಿಗೆ ಒಂದೊಂದು ನಿಯಮ. ನಿಮ್ಮ ಮುಖ ನೋಡಿದ ಕೂಡ್ಲೆ ನನಗ ನಿಯಮ ನೆನಪಾಗಬೇಕು. ಆಗ್ಲಿಲ್ಲಂದ್ರ ನೀವ ಕೇಳಬೇಕು."

"ಟೀಚರ್ ಹೇಳಿದ್ದಲ್ಲೇನೋ ಇದು?" ಎಂದ ಚನಬಸಪ್ಪ. ಜೋಯಿಡಾದ ಸಂಗತಿ ಆಗಲೇ ಅವನ ಕಿವಿಗೂ ಬಿದ್ದಿತ್ತು.

"ಟೀಚರ್ ಸುಳಿವ ಕೊಟ್ರು. ಪದ್ಧತಿ ನಂದು."

ಹಂಚಿಕೆ ಶುರುವಾಯಿತು. ಅದರಲ್ಲಿ ಜ್ಯೋತಿಬಾ ನಿಜಕ್ಕೂ ಜಾಣತನ ತೋರಿದ. ಮಹಾಬಳೇಶ್ವರರಿಗೆ ದೂರು ಸ್ವೀಕರಿಸುವ ನಿಯಮ ಕೊಟ್ಟ. ಅವರು ಸನ್ಮಾನದ ಶಾಲು ಹೊದೆಸಿದಂತೆ ಭುಜ ಸರಿಮಾಡಿಕೊಂಡರು. ಜೋಯಿಡಾದಿಂದ ದಾಂಡೇಲಿಯ ಗ್ಯಾರೇಜಿಗೆ ಹೋಗುವ ಮೆಕ್ಯಾನಿಕ್ ಸಾಬೀರನಿಗೆ ಮರೆತುಹೋದ ಸಾಮಾನಿನ ನಿಯಮ ಬಂತು. ಯಾಕೆಂದರೆ ಊಟದ ಡಬ್ಬಿ ಬಸ್ಸಿನಲ್ಲಿ ಬಿಡದೆ ಅವನು ಇಳಿದ ದಿನ ಅಪರೂಪ. ಟೀಚರಿಗೆ ಪಾಸು ತಪಾಸಣೆ, ಯಾಕೆಂದರೆ ಪಾಸು ತೋರಿಸುವವರೆಲ್ಲ ಅವರ ಹೈಸ್ಕೂಲಿನ ಹುಡುಗರೇ.

ಸಾಮಾನು ಸಾಗಾಣಿಕೆಯ ನಿಯಮ ಗೋದುಬಾಯಿಗಲ್ಲದೆ ಬೇರೆ ಯಾರಿಗೆ ಹೋದೀತು? ಕುಂಬಾರವಾಡದ ಗೋದುಬಾಯಿ ಗೆಡ್ಡೆ ಗೆಣಸು, ಹುಳಿಗೆ ಹಾಕುವ ಮುರುಗಲು ತುಂಬಿದ ಚೀಲ ಹೊತ್ತು ದಾಂಡೇಲಿಗೆ ಮಾರಲು ಹೋಗುವವಳು. ಹೆಂಗಸರಿಗೆ ಟಿಕೆಟ್ ಉಚಿತವಾದಂದಿನಿಂದ ಅವಳಿಗೂ ಜ್ಯೋತಿಬಾನಿಗೂ ಚೀಲದ ಮೇಲೆ ವ್ಯಾಜ್ಯ. ನನಗೆ ಉಚಿತ ಅಂದ ಮೇಲೆ ನಾನು ಬೆಳೆದ ಗೆಣಸಿಗೂ ಉಚಿತ ಎಂಬುದು ಅವಳ ವಾದ.

"ಮಾವಶಿ, ಸಾಮಾನಿನ ಕಾಯ್ದೆ ನಿಮ್ಮ ಮ್ಯಾಲ ಹಾಕೇನಿ," ಎಂದ ಜ್ಯೋತಿಬಾ.

"ಮ್ಯಾಲ ಹಾಕಿದ್ಯಾ? ಚೀಲದ ತೂಕ ಹೆಚ್ಚಾತಲ್ಲೋ ಪುತಾ! ಅದಕ್ಕೂ ಟಿಕೆಟ್ ಹರೀತಿ ಏನು?"

ಎಡವಟ್ಟಾದದ್ದು ಚನಬಸಪ್ಪನ ಹತ್ತಿರ. ಅಪಘಾತವಾದಾಗ ತೆಗೆದುಕೊಳ್ಳಬೇಕಾದ ಕ್ರಮಗಳನ್ನು ಜ್ಯೋತಿಬಾ ಬಹಳ ಸಹಜವಾಗಿ ಅವನಿಗೆ ಕೊಟ್ಟ. ಚನಬಸಪ್ಪ ಗಾಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿ ಎಂಜಿನ್ ಬಂದ್ ಮಾಡಿ ತಿರುಗಿ ನೋಡಿದ.

"ಏನಂದಿ? ನನಗ ಅಪಘಾತ?"

"ಅರೆ, ನೆನಪಿಗಷ್ಟ ಮಾರಾಯ."

"ನನ್ನ ಸರ್ವಿಸಿನ್ಯಾಗ ಒಂದ ಕೋಳಿಗೆ ಸೈತ ಗಾಲಿ ತಾಗಿಸಿಲ್ಲ ನಾ. ನನ್ನ ಮಾರಿ ನೋಡಿದ್ರ ನಿನಗ ಅಪಘಾತ ನೆನಪಾಗ್ಬೇಕೇನು? ಬಾಯಿಂದ ತಗೀಬ್ಯಾಡ ಅಂಥಾ ಮಾತ. ಇಂಥಾ ರಸ್ತೆದಾಗ."

ಪ್ರಯಾಣಿಕರೂ ಚನಬಸಪ್ಪನ ಪರ ನಿಂತರು. ಅಪಘಾತ ಯಾರಿಗೂ ಬೇಡವಾಗಿತ್ತು. ಗೋದುಬಾಯಿಯಂತೂ ತನ್ನ ಕಡೆ ಬೆರಳು ತೋರಿಸಬೇಡ ಎಂದು ಮೊದಲೇ ಹೇಳಿಬಿಟ್ಟಳು. ಕೊನೆಗೆ ಡ್ರೈವರನಿಗೆ ಸಮಯಪಾಲನೆಯ ನಿಯಮ ಕೊಟ್ಟು ಸಮಾಧಾನ ಮಾಡಿ, ಅಪಘಾತವನ್ನು ಗಣೇಶಗುಡಿ ತಿರುವಿನಲ್ಲಿರುವ ಒಂದು ಹಳೆಯ ಮತ್ತಿ ಮರಕ್ಕೆ ಹಾಕಲಾಯಿತು. ಮರ ತಕರಾರು ಮಾಡಲಿಲ್ಲ.

ಪದ್ಧತಿ ಹತ್ತಿತು. ಒಂದು ವಾರದೊಳಗೆ ಜ್ಯೋತಿಬಾ ಕುಂಬಾರವಾಡದಲ್ಲಿ ಶುರುಮಾಡಿ ದಾಂಡೇಲಿಯ ತನಕ ಎಲ್ಲ ನಿಯಮಗಳನ್ನೂ ಗಡಗಡ ಹೇಳುವಂತಾದ. ತನ್ನ ಡಿಪೋದಿಂದ ಗಾಡಿಗಳು ಹೊರಗೆ ಬರುತ್ತಿವೆ ಎಂದು ಚನಬಸಪ್ಪನಿಗೆ ದಿನಾ ಕೇಳಿಸುವಂತೆ ಹೇಳಿದ. ಅದಕ್ಕೆ ಚನಬಸಪ್ಪ ಒಮ್ಮೆ, ದಾಂಡೇಲಿ ಹತ್ತಿರ ಬಂದಾಗ, ಥಟ್ಟನೆ ಕೇಳಿದ: "ಪಾಸು ಹರದಿದ್ರ ಏನ್ ಮಾಡಬೇಕು?"

ಜ್ಯೋತಿಬಾ ಕಣ್ಣು ಮುಚ್ಚಿದ. ತುಟಿಗಳು ಅಲ್ಲಾಡತೊಡಗಿದವು. ಸ್ವಲ್ಪ ಹೊತ್ತಾಯಿತು.

"ಎಲ್ಲಿ ಅದೀಯೋ?"

"ತಡಿ, ಇನ್ನೂ ಕುಂಬಾರವಾಡ ಬಿಟ್ಟೇನಿ. ಟೀಚರ್ ಹತ್ತೂದು ಜೋಯಿಡಾದಾಗ."

"ಎಕ್ಸ್‌ಪ್ರೆಸ್ ಇಲ್ಲೇನೋ ನಿನ್ನ ತಲ್ಯಾಗ? ಎಲ್ಲಾ ಸ್ಟಾಪಿಗೂ ನಿಂತ ಬಂದ್ರ ಪರೀಕ್ಷಾ ಮುಗದು ಕೀಲಿ ಹಾಕಿರ್ತಾರ."

ಮಾತು ಚುಚ್ಚಿತಾದರೂ ನಿಜವಾಗಿತ್ತು. ಜ್ಯೋತಿಬಾ ಟೀಚರ್ ಹತ್ತಿರ ಸಲಹೆ ಕೇಳಲಿಲ್ಲ. ಸುಮ್ಮನೆ ಮಾತಿಗೆ ಮಾತು ಬಂದಂತೆ ವಿಷಯ ತೆಗೆದ. ಟೀಚರೂ ಸಲಹೆ ಕೊಡಲಿಲ್ಲ. ಸುಮ್ಮನೆ ತಮ್ಮ ತರಗತಿಯ ಸುದ್ದಿ ಹೇಳಿದಂತೆ ಹೇಳಿದರು. "ಸಾಲಾಗಿ ಕೇಳಿದ್ರ ಒಂದರ ಬಾಲ ಹಿಡದು ಇನ್ನೊಂದು ಬರ್ತೈತ್ರಿ, ಅದು ನೆನಪಲ್ಲ. ನಡುವ ಎಲ್ಲಿಂದರ ಕೇಳಬೇಕು. ಮತ್ತ ಈಗ ಹೇಳಿದ್ದನ್ನ ಈಗ ಕೇಳಬಾರ್ದು. ಒಂದ ನಾಲ್ಕ ದಿನ ಬಿಟ್ಟು, ಇನ್ನೇನ ಮರೀತೈತಿ ಅನ್ನೂವಾಗ ಕೇಳಬೇಕು. ತಿಣುಕಿ ತಗದದ್ದು ಗಟ್ಟಿ ಉಳೀತೈತಿ."

ಅಂದಿನಿಂದ ಬಸ್ಸು ಪರೀಕ್ಷಾ ಕೊಠಡಿಯಾಯಿತು. ಪರೀಕ್ಷಾರ್ಥಿ ಒಬ್ಬನೇ, ಪರೀಕ್ಷಕರು ಬಸ್ಸು ತುಂಬ. ಹೊಂಚು ಹಾಕಿ ಕೇಳುವ ರುಚಿ ಒಮ್ಮೆ ಹತ್ತಿದ ಮೇಲೆ ಜನರನ್ನು ತಡೆಯುವವರು ಯಾರು? ಜ್ಯೋತಿಬಾ ಚಿಲ್ಲರೆ ಎಣಿಸುವಾಗ ಕೇಳಿದರು. ಬಾಯಲ್ಲಿ ಮಿರ್ಚಿ ಭಜಿ ಇರುವಾಗ ಕೇಳಿದರು. ಉತ್ತರ ಹೇಳದೆ ಟಿಕೆಟ್ ತೆಗೆದುಕೊಳ್ಳುವುದಿಲ್ಲ ಎಂದು ಹಟ ಹಿಡಿದರು. ಸಾಬೀರನು ಇಳಿದು, ಡಬ್ಬಿ ಬಿಟ್ಟದ್ದು ನೆನಪಾಗಿ ಓಡಿ ಬಂದು, ಡಬ್ಬಿ ಇಸಕೊಳ್ಳುವ ಮೊದಲು ನಿಯಮ ಕೇಳಿದ.

"ಮದಲ ಡಬ್ಬಿ ತಗೋಳೋ ಮಾರಾಯ, ಗಾಡಿ ಹೊಂಟೈತಿ!"

"ಅರೆ ಜ್ಯೋತಿಬಾ ಭಾಯ್, ಡಬ್ಬಿ ನಾಳೆಗೂ ಸಿಗ್ತೈತಿ. ಪರೀಕ್ಷಾ ಸಿಗಂಗಿಲ್ಲ. ಹೇಳು."

ಮಹಾಬಳೇಶ್ವರರು ಮಾರ್ಕು ಕೊಡುವ ಅಧಿಕಾರವನ್ನು ತಾವೇ ವಹಿಸಿಕೊಂಡರು. ಪುಸ್ತಕದ ಒಂದು ಪದ ಆಚೀಚೆ ಆದರೂ "ಅರ್ಧ ಮಾರ್ಕು" ಎಂದು ಬೆರಳು ಮಡಚುತ್ತಿದ್ದರು.

"ಅರ್ಥ ಸರಿ ಐತಲ್ರಿ, ಅಜ್ಜಾರ?"

"ಅರ್ಥ ನಿಂದು. ನಿಯಮ ಸರ್ಕಾರದ್ದು," ಎನ್ನುತ್ತಿದ್ದರು ಅವರು.

ಪರೀಕ್ಷೆಗೆ ಕೆಲವೇ ದಿನ ಉಳಿದಿತ್ತು. ಆಗ ಗೋದುಬಾಯಿ ಬಸ್ಸಿಗೆ ಬರುವುದು ನಿಂತಿತು. ಗೆಣಸು ಅಗೆದು ತಂದು ಅಂಗಳದಲ್ಲಿಟ್ಟ ಬುಟ್ಟಿಗೆ ತಾನೇ ಎಡವಿ ಕಾಲು ಉಳುಕಿಸಿಕೊಂಡಿದ್ದಾಳೆ ಎಂದು ಸುದ್ದಿ ಬಂತು. ಅವಳ ಸೀಟು ಖಾಲಿಯಾದ ಕೂಡಲೇ ಸಾಮಾನಿನ ನಿಯಮವೂ ಖಾಲಿಯಾಯಿತು. ಜ್ಯೋತಿಬಾ ಆ ಸೀಟಿನಲ್ಲಿ ಬೇರೆ ಬೇರೆಯವರನ್ನು ಕೂರಿಸಿ ನೋಡಿದ. ಕಾಳಿ ನದಿಯಲ್ಲಿ ರಾಫ್ಟಿಂಗಿಗೆ ಬಂದಿದ್ದ ಒಬ್ಬ ಪ್ರವಾಸಿಯ ಬೆನ್ನ ಮೇಲೆ ಗೋದುಬಾಯಿಯ ಚೀಲಕ್ಕಿಂತ ದೊಡ್ಡ ಚೀಲವಿತ್ತು. ಅವನ ಮೇಲೂ ನಿಯಮ ಕೂಡಲಿಲ್ಲ. ಮೂರು ಸಾಲು ಬಂದದ್ದು ಎರಡಾಯಿತು, ಎರಡು ಒಂದಾಯಿತು. ಮಹಾಬಳೇಶ್ವರರು ಬೆರಳು ಮಡಚುವುದನ್ನೂ ಬಿಟ್ಟು ಕಿಟಕಿಯ ಹೊರಗೆ ನೋಡತೊಡಗಿದರು. ಅದು ಸೊನ್ನೆ ಮಾರ್ಕಿಗಿಂತ ಕೆಟ್ಟದ್ದಾಗಿತ್ತು.

ಆ ಸಂಜೆ ಬಸ್ಸು ಕುಂಬಾರವಾಡ ಮುಟ್ಟಿದ್ದೇ ಜ್ಯೋತಿಬಾ ಬಿಸ್ಕತ್ತಿನ ಪೊಟ್ಟಣ ಹಿಡಿದು, ಇನ್ನೂ ಬೆಳಕಿರುವಾಗಲೇ, ಗದ್ದೆಯ ಬದುವಿನ ಮೇಲೆ ಕಾಲೆಳೆಯುತ್ತ ಅವಳ ಮನೆಗೆ ಹೋದ. ಗೋದುಬಾಯಿ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದಳು. ಹಿಮ್ಮಡಿಯ ತನಕ ಎಂಥದೋ ಸೊಪ್ಪಿನ ಪಟ್ಟಿ.

"ಹೆಂಗ ಐತಿ ಮಾವಶಿ ಕಾಲು?"

"ಕಾಲ ಕಾಲಿನಂಗ ಐತಿ. ನೀ ಯಾಕ ಬಂದಿ?"

"ನೋಡಿ ಹೋಗೂಣು ಅಂತ..."

ಗೋದುಬಾಯಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನನ್ನ ಕಾಲ ನೋಡಾಕ ಬಂದ್ಯಾ, ನಿನ್ನ ಕಾಯ್ದೆ ನೋಡಾಕ ಬಂದ್ಯಾ?"

"ಎರಡೂ, ಮಾವಶಿ."

"ಮದಲ ಯಾವ್ದು?"

ಜ್ಯೋತಿಬಾ ಸುಳ್ಳು ಹೇಳಬಹುದಿತ್ತು. ಆದರೆ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವರ ಮುಖ ಹೇಗಿರುತ್ತದೆ ಎಂದು ಅವನಿಗೇ ಚೆನ್ನಾಗಿ ಗೊತ್ತಿತ್ತು, ಈಗ ತನ್ನ ಮುಖವೂ ಹಾಗೇ ಇದೆ ಎಂದೂ ಗೊತ್ತಾಯಿತು. ಬಿಸ್ಕತ್ತಿನ ಪೊಟ್ಟಣ ಅವಳ ಮುಂದಿಟ್ಟು ಕೂತ. ಗೋದುಬಾಯಿ ಗಟ್ಟಿಯಾಗಿ ನಕ್ಕಳು. ನಗುವಾಗ ಕಾಲು ನೋವಾಗಿ "ಆಯಿ ಗೇ" ಎಂದಳು, ಮತ್ತೆ ನಕ್ಕಳು.

"ಹೇಳು. ನನ್ನ ಚೀಲ ಎಲ್ಲಿ ಇಡಬಾರ್ದು?"

"ದಾರ್ಯಾಗ ಇಡಬಾರ್ದು."

"ಯಾಕ?"

ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಪುಸ್ತಕದಲ್ಲೂ ಇರಲಿಲ್ಲ. "ಯಾಕಂದ್ರ... ನಿಯಮ ಐತಿ."

"ನಿಯಮ ಯಾಕ ಐತೋ? ನನ್ನ ಕಾಲ ನೋಡಿ ಹೇಳು."

ಜ್ಯೋತಿಬಾ ಕಾಲು ನೋಡಿದ. "ಜನ ಎಡವಿ ಬೀಳ್ತಾರ."

"ಹಾಂ. ಮುಂದ?"

"ಸೋರೂ ಸಾಮಾನು ತರಬಾರ್ದು." "ಯಾಕ?" "ಜಾರ್ತೈತಿ." "ಮುಂದ?" "ತೂಕ ಮೀರಿದ್ರ..." "ಯಾಕ?" "ನೀವೊಬ್ರ ಅಲ್ಲಲ್ಲ ಮಾವಶಿ, ಎಲ್ಲಾರೂ ತಂದ್ರ ಗಾಡಿ ಘಟ್ಟ ಏರಬೇಕಲ್ಲ!"

"ಅದನ್ನ ಮದಲ ಹಿಂಗ ಹೇಳಿದ್ದಿ ಅಂದ್ರ ನಾ ಇಷ್ಟ ವರ್ಷ ಯಾಕ ಜಗಳ ಮಾಡ್ತಿದ್ನಿ?" ಎಂದಳು ಗೋದುಬಾಯಿ. ಅವಳು ಆಗಲೂ ಜಗಳ ಮಾಡುತ್ತಿದ್ದಳು ಎಂಬುದರಲ್ಲಿ ಜ್ಯೋತಿಬಾನಿಗೆ ಸಂಶಯವಿರಲಿಲ್ಲ. ಆದರೆ ಬೆಳಕು ಆರುವ ಮೊದಲು ನಿಯಮ ಪೂರ್ತಿ ತಿರುಗಿ ಬಂದಿತ್ತು, ಈ ಸಲ ಕಾರಣಗಳನ್ನು ಕಟ್ಟಿಕೊಂಡು.

ಪರೀಕ್ಷೆ ಹುಬ್ಬಳ್ಳಿಯಲ್ಲಿ. ಹೋಗುವ ದಿನ ಬೆಳಿಗ್ಗೆ ಶಾಂತಾ ಅಂಗಿಗೆ ಇಸ್ತ್ರಿ ಮಾಡಿ ಕೊಟ್ಟಳು, ಹಳದಿ ಪುಸ್ತಕವನ್ನು ಕಪಾಟಿನ ಮೇಲಿಟ್ಟು ಕೀಲಿ ಹಾಕಿದಳು. "ದಾರ್ಯಾಗ ಮತ್ತ ಓದ್ಕೋತ ಕೂತ್ರ ಕಲತದ್ದೂ ಹೋದೀತು," ಎಂದಳು. ಬಸ್ಸಿನ ಸುದ್ದಿ ಹಳಿಯಾಳದ ತನಕ ಬಂದಿತ್ತು.

ಪರೀಕ್ಷೆಯ ಕೊಠಡಿಯಲ್ಲಿ ಅವನ ವಯಸ್ಸಿನವರು ಬಹಳ ಮಂದಿ ಇರಲಿಲ್ಲ. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಜ್ಯೋತಿಬಾನ ಡಿಪೋದಲ್ಲಿ ಒಂದು ಗಾಡಿಯೂ ಇರಲಿಲ್ಲ. ಗೇಟು ತೆರೆದೇ ಇತ್ತು, ಒಳಗೆ ಖಾಲಿ ಬಯಲು. ಹಿಂದಿನ ಎರಡು ಸಲ ಇಲ್ಲೇ ಅವನು ಬೆವರೊರೆಸಿಕೊಂಡು ಪೆನ್ನು ಕಚ್ಚುತ್ತ ಕೂತಿದ್ದ. ಈ ಸಲ ಒಂದು ಪ್ರಶ್ನೆ ಓದಿದ: ಪ್ರಯಾಣಿಕರು ಬಿಟ್ಟುಹೋದ ವಸ್ತುಗಳ ವಿಲೇವಾರಿ. ಎಲ್ಲಿಂದಲೋ ಉಪ್ಪಿನಕಾಯಿಯ ವಾಸನೆ ಬಂದಂತಾಯಿತು. ಸ್ಟೀಲ್ ಡಬ್ಬಿ ಕಂಡಿತು. ಅದರ ಹಿಂದೆ ಓಡಿ ಬರುವ ಸಾಬೀರ.

"ತಡಿಯೋ, ಹೇಳ್ತೇನಿ," ಎಂದ ಜ್ಯೋತಿಬಾ.

ಮೇಲ್ವಿಚಾರಕರು ಬಂದು ನಿಂತರು. "ಯಾರ ಜೋಡಿ ಮಾತಾಡಾಕತ್ತೀರಿ?"

"ಪ್ಯಾಸೆಂಜರ್ ಜೋಡಿ, ಸರ್."

ಅವರು ಬಗ್ಗಿ ಡೆಸ್ಕಿನ ಕೆಳಗೆ ನೋಡಿದರು. ಯಾರೂ ಇಲ್ಲದ್ದು ಖಾತ್ರಿಯಾದ ಮೇಲೂ ಎರಡು ಸಲ ತಿರುಗಿ ನೋಡುತ್ತ ಹೋದರು.

ಆಮೇಲೆ ಬಸ್ಸು ಓಡಿತು. ದೂರು ಸ್ವೀಕಾರಕ್ಕೆ ಮಹಾಬಳೇಶ್ವರರು ಎದುರೇ ಕೂತು ಪದಪದವನ್ನೂ ತಿದ್ದಿಸಿದರು. ಪಾಸಿಗೆ ಟೀಚರ್ ಬಂದರು, ಸಮಯಪಾಲನೆಗೆ ಚನಬಸಪ್ಪ ಹಾರ್ನ್ ಹೊಡೆದ. ಯಾವ ಸ್ಟಾಪಿನಲ್ಲೂ ಕಾಯಬೇಕಾಗಲಿಲ್ಲ. ಜ್ಯೋತಿಬಾನಿಗೆ ಜಂಬ ಬರತೊಡಗಿತು. ಪುಟ ತಿರುವಿದ.

ಎಲ್ಲಕ್ಕಿಂತ ಹೆಚ್ಚು ಅಂಕದ ಪ್ರಶ್ನೆ ಅಪಘಾತದ್ದಾಗಿತ್ತು.

ಮತ್ತಿ ಮರ ಕಂಡಿತು. ಮೊಸಳೆಯ ಮೈಯಂಥ ಅದರ ತೊಗಟೆ ಕಂಡಿತು, ಮೇಲಿನ ಜೇನುಗೂಡು ಕಂಡಿತು. ಮರ ಸುಮ್ಮನೆ ನಿಂತಿತ್ತು. ಎಷ್ಟು ಹೊತ್ತಾದರೂ ಸುಮ್ಮನೇ ನಿಂತಿತ್ತು. ಆಗ ಜ್ಯೋತಿಬಾನಿಗೆ ಹೊಳೆಯಿತು: ಇಷ್ಟು ದಿನಗಳಲ್ಲಿ ಎಲ್ಲರೂ ಅವನನ್ನು ಕೇಳಿದ್ದರು, ಮರವೊಂದನ್ನು ಬಿಟ್ಟು. ದಿನಾ ಎರಡು ಸಲ ಅದರ ಮುಂದೆ ಹಾದು, ಅಪಘಾತ ಇಲ್ಲಿದೆ ಎಂದು ಕೈ ಮಾಡಿ, ಗೊತ್ತಿದೆ ಎಂದುಕೊಂಡು ಮುಂದೆ ಹೋಗಿದ್ದ. ಮರವೂ ಅವನೂ ಬರೀ ಮುಖಪರಿಚಯದವರು.

ಕುರ್ಚಿ ಕಣ್ಣೆದುರೇ ದೂರ ಸರಿಯಿತು. ಮೊಣಕಾಲು ಡೆಸ್ಕಿನ ಕೆಳಗೆ ಕಟ್ಟೆಂದಿತು. ಪಕ್ಕದ ಹುಡುಗ ಹೆಚ್ಚಿನ ಹಾಳೆ ಕೇಳಿದ. ಆ ಸಂಕಟದಲ್ಲಿ ಬಂದದ್ದು ಗೋದುಬಾಯಿಯ ದನಿ, ಅದೂ ಒಂದೇ ಪದ: ಯಾಕ?

ಮೊದಲು ಏನು ಮಾಡಬೇಕು? ಗಾಯಾಳುಗಳನ್ನು ನೋಡಬೇಕು. ಯಾಕ? ಜೀವ ಹೋದ ಮೇಲೆ ಏನು ಮಾಡಿದರೂ ಉಪಯೋಗವಿಲ್ಲ. ಆಮೇಲೆ ಪೊಲೀಸರಿಗೆ ತಿಳಿಸಬೇಕು, ಡಿಪೋಕ್ಕೆ ತಿಳಿಸಬೇಕು. ಯಾಕ? ಆ ಘಟ್ಟದಲ್ಲಿ ನಾವಿಬ್ಬರೇ ಏನು ಮಾಡುತ್ತೇವೆ? ಗಾಡಿ ಸರಿಸಬಾರದು. ಯಾಕ? ತಪ್ಪು ಯಾರದೆಂದು ಕಾಣಬೇಕಲ್ಲ. ಇಲ್ಲದಿದ್ದರೆ ಎಲ್ಲರೂ ಚನಬಸಪ್ಪನ ಕಡೆ ಬೆರಳು ಮಾಡುತ್ತಾರೆ. ಇದ್ದವರ ಹೆಸರು, ವಿಳಾಸ ಬರೆದುಕೊಳ್ಳಬೇಕು. ಉಳಿದ ಪ್ರಯಾಣಿಕರಿಗೆ ಬೇರೆ ಬಸ್ಸು ನೋಡಬೇಕು. ಯಾಕ? ಅವರ ಟಿಕೆಟ್ ಹರಿದವನು ನಾನೇ ಅಲ್ಲವೇ?

ಪುಸ್ತಕದ ಪದಗಳು ಬರಲಿಲ್ಲ. ಮಹಾಬಳೇಶ್ವರರಾಗಿದ್ದರೆ ಎಲ್ಲ ಬೆರಳೂ ಮಡಚುತ್ತಿದ್ದರು. ಜ್ಯೋತಿಬಾ ಗಂಟೆ ಬಾರಿಸುವ ತನಕ ಬರೆದ.

ಫಲಿತಾಂಶದ ಸುದ್ದಿ ಡಿಪೋದಿಂದ ಚನಬಸಪ್ಪನ ಫೋನಿಗೆ ಬಂತು. ಬಸ್ಸು ಆಗ ಜೋಯಿಡಾದಲ್ಲಿ ನಿಂತಿತ್ತು. ಚನಬಸಪ್ಪ ಫೋನು ಕಿವಿಯಿಂದ ಇಳಿಸಿ, ಕನ್ನಡಿಯಲ್ಲಿ ಜ್ಯೋತಿಬಾನನ್ನು ನೋಡಿ, ಹಾರ್ನ್ ಒತ್ತಿದ. ಒತ್ತಿದ ಕೈ ತೆಗೆಯಲೇ ಇಲ್ಲ. ಚಹಾದಂಗಡಿಯವನು ಏನಾಯಿತೆಂದು ಹೊರಗೆ ಓಡಿ ಬಂದ.

"ಪಾಸೇನೋ?" ಎಂದ ಜ್ಯೋತಿಬಾ.

"ಪಾಸ್!"

ಆಮೇಲೆ ಆದದ್ದು ಜ್ಯೋತಿಬಾ ಎಣಿಸಿದಂತೆ ಆಗಲಿಲ್ಲ. ಜನ ತನ್ನನ್ನು ಹೊಗಳುತ್ತಾರೆ, ತಾನು ಪದ್ಧತಿಯ ಬಗ್ಗೆ ನಾಲ್ಕು ಮಾತು ಹೇಳಬೇಕು ಎಂದು ಗಂಟಲು ಸರಿಮಾಡಿಕೊಂಡಿದ್ದ. ಆದರೆ ಅವನ ಕೈ ಕುಲುಕುವ ಬದಲು ಜನ ಒಬ್ಬರ ಕೈ ಒಬ್ಬರು ಕುಲುಕಿದರು.

"ನಂದು ಬಂದಿತ್ತಿಲ್ಲೋ?" ಎಂದ ಸಾಬೀರ. "ಮದಲ್ನೇದ್ದ ನಂದು! ಅರೆ, ನಾ ಮರತದ್ದಕ್ಕ ಇಂವ ನೆನಪಿಟ್ಟ!"

"ನಂದು ಪೂರಾ ಮಾರ್ಕು ಬಂದಿರ್ತಾವ, ಅದ್ರಾಗ ಮಾತ ಇಲ್ಲ," ಎಂದು ಮಹಾಬಳೇಶ್ವರರು ಟೀಚರಿಗೆ ಹೇಳಿದರು. "ಒಂದ ಅಕ್ಷರ ಬಿಡಗೊಟ್ಟಿಲ್ಲ ನಾ."

ಟೀಚರ್ ನಕ್ಕರು. ಜ್ಯೋತಿಬಾ ಅವರ ಹತ್ತಿರ ಹೋಗಿ, ಬೇರೆಯವರಿಗೆ ಕೇಳದಷ್ಟು ಮೆಲ್ಲಗೆ, "ಪದ್ಧತಿ ನಿಮ್ದ್ರಿ, ಟೀಚರ್," ಎಂದ. ಅವರೂ ಅಷ್ಟೇ ಮೆಲ್ಲಗೆ, "ಓದಿದ್ದು ನೀವಲ್ಲೇನ್ರಿ," ಎಂದರು. ಇಬ್ಬರಿಗೂ ಅಷ್ಟು ಸಾಕಾಯಿತು. ಮಾರನೆಯ ದಿನದಿಂದ ಪದ್ಧತಿ ಮತ್ತೆ ಜ್ಯೋತಿಬಾನದೇ ಆಯಿತು.

ಗಣೇಶಗುಡಿಯ ಮತ್ತಿ ಮರ ಬಂದಾಗ ಚನಬಸಪ್ಪ ಬಸ್ಸಿನ ವೇಗ ಇಳಿಸಿದ. "ಅಪಘಾತ ನಾನ ತಗೋಬೇಕಿತ್ತು ನೋಡು," ಎಂದ. "ಸುಳ್ಳ ಹಟ ಮಾಡಿದ್ನಿ."

"ಇರ್ಲಿ ಬಿಡೋ."

"ಇಲ್ಲ, ಅಪಘಾತದ ಪ್ರಶ್ನಿ ನೋಡಿ ನೀ ಅಂಜಿ ಸತ್ತಿರ್ತಿ ಅಲ್ಲಿ."

"ಸತ್ತಿದ್ನಿ," ಎಂದ ಜ್ಯೋತಿಬಾ. ತನಗೆ ಹೆದರಿಕೆಯಾಗಿತ್ತೆಂದು ಅವನು ಬಸ್ಸಿನಲ್ಲಿ ಒಪ್ಪಿಕೊಂಡದ್ದು ಅದೇ ಮೊದಲು.

ಒಬ್ಬಳಿಗೆ ಮಾತ್ರ ಈ ಗೆಲುವು ಗಂಟಲಲ್ಲಿ ಇಳಿಯಲಿಲ್ಲ. ಸಾಮಾನು ಸಾಗಾಣಿಕೆಯ ಪ್ರಶ್ನೆ ಪರೀಕ್ಷೆಯಲ್ಲಿ ಬಂದೇ ಇರಲಿಲ್ಲ. ಕಾಲು ವಾಸಿಯಾಗಿ ಮರಳಿದ ಗೋದುಬಾಯಿಗೆ ಅದು ತಿಳಿದಾಗ ಅವಳು ಚೀಲದ ಮೇಲೆ ಕೈಯಿಟ್ಟು ಬಹಳ ಹೊತ್ತು ಜ್ಯೋತಿಬಾನನ್ನು ದಿಟ್ಟಿಸಿದಳು. ನಿಮ್ಮ 'ಯಾಕ'ನೇ ನನ್ನನ್ನು ದಾಟಿಸಿತು ಎಂದು ಅವನು ಎಷ್ಟು ಹೇಳಿದರೂ ಕೇಳಲಿಲ್ಲ.

"ಸಾಬೀರನ ಡಬ್ಬಿ ಬಂತು. ಅಜ್ಜನ ತಕರಾರ ಬಂತು. ನಂದ ಬರ್ಲಿಲ್ಲ. ಪೇಪರ್ ತಗದವ್ರಿಗೆ ಏನ ತಿಳೀತೈತಿ?"

ಆ ಮುನಿಸು ಜ್ಯೋತಿಬಾ ಕಂಟ್ರೋಲರ್ ಕೋಣೆಗೆ ಹೋದ ಮೇಲೂ ಮುಗಿಯಲಿಲ್ಲ. ಸಂತೆಯ ದಿನ, ನಿಲ್ದಾಣದಲ್ಲಿ ಕಾಲಿಡಲು ಜಾಗವಿಲ್ಲದ ಹೊತ್ತಿನಲ್ಲಿ, ಅವಳು ಕಿಟಕಿಯ ಮುಂದೆ ಬಂದು ನಿಂತಳು. ಒಳಗೆ ಹೊಸ ಕಂಟ್ರೋಲರ್ ಸಾಹೇಬರು ಕಾಲು ಚಾಚಿ ಕೂತು ಮೈಕಿನಲ್ಲಿ ಹಳಿಯಾಳದ ಬಸ್ಸಿನ ಹೊತ್ತು ಹೇಳುತ್ತಿದ್ದರು.

"ಏನ ಬೇಕಾಗಿತ್ತು, ಮಾವಶಿ?"

"ಏನೂ ಬ್ಯಾಡ. ಅಲ್ಲಿ ಕೇಳ್ಲಿಲ್ಲ, ಅದಕ್ಕ ಇಲ್ಲಿ ಕೇಳ್ತೇನಿ. ಸಾಮಾನಿನ ಕಾಯ್ದೆ ಹೇಳು."

"ಈಗ? ಹಿಂದ ಮಂದಿ ನಿಂತಾರ ನೋಡ್ರಿ."

"ನಿಲ್ಲಲಿ. ಪರೀಕ್ಷಾ ಅಂದ್ರ ಪರೀಕ್ಷಾ."

ಜ್ಯೋತಿಬಾ ಕುರ್ಚಿ ಬಿಟ್ಟು ಎದ್ದು ನಿಂತ. ಅಂಗಿ ಜಗ್ಗಿ ಸರಿಮಾಡಿಕೊಂಡ. ಪ್ರಯಾಣಿಕರು ತಮ್ಮ ಸಾಮಾನನ್ನು ಓಡಾಡುವ ದಾರಿಯಲ್ಲಿ ಇಡತಕ್ಕದ್ದಲ್ಲ, ಯಾಕಂದ್ರ ಜನ ಎಡವಿ ಬೀಳ್ತಾರ. ಸೋರುವ ಸಾಮಾನು ತರತಕ್ಕದ್ದಲ್ಲ, ಯಾಕಂದ್ರ ಜಾರ್ತೈತಿ. ಹೀಗೆ ಮೊದಲಿಂದ ಕೊನೆಯ ತನಕ, ನಿಯಮ ಸರ್ಕಾರದ ಕನ್ನಡದಲ್ಲಿ, ಕಾರಣ ಕುಂಬಾರವಾಡದ ಕನ್ನಡದಲ್ಲಿ, ಒಂದೂ ಬಿಡದೆ ಹೇಳಿದ. ಮೈಕು ಬಂದ್ ಮಾಡಲು ಮರೆತಿದ್ದ. ನಿಲ್ದಾಣವೆಲ್ಲ ಗಪ್ಪಾಗಿ ಕೇಳಿತು. ಯಾರೋ ಒಬ್ಬರು ಕಾಲ ಬುಡದ ಬುಟ್ಟಿಯನ್ನು ಮೆಲ್ಲಗೆ ಬೆಂಚಿನ ಕೆಳಗೆ ಸರಿಸಿಕೊಂಡರು.

ಗೋದುಬಾಯಿ ಜನರ ಕಡೆ ತಿರುಗಿದಳು. "ಬರೋಬ್ಬರಿ ಐತಿ," ಎಂದು ತೀರ್ಪು ಕೊಟ್ಟಳು. ಮಾರಿ ಉಳಿದ ಮುರುಗಲಿನ ಚೀಲ ಹೆಗಲಿಗೇರಿಸಿ, ದಾರಿ ಬಿಟ್ಟ ಜನರ ನಡುವೆ ಎದೆಯುಬ್ಬಿಸಿ ನಡೆದು, ಕುಂಬಾರವಾಡ ಬಸ್ಸು ಹತ್ತಿ, ಚೀಲವನ್ನು ಓಡಾಡುವ ದಾರಿಯ ನಟ್ಟನಡುವೆ ಇಳಿಸಿದಳು. ಹೊಸ ಕಂಡಕ್ಟರ್ ಬಾಯಿ ತೆರೆದ.

"ಕಾಯ್ದೆ ಕಲಿಸಿದಾಕಿ ನಾನು," ಎಂದಳು ಗೋದುಬಾಯಿ. "ನನಗ ಹೇಳಾಕ ಬರ್ತಿ?"